ಕಾವಿಗೆ ಕೂತ ಮರಳಜ್ಜಿ

ಮಳೆ ಹಿಡಿದರೆ ಜನ ಒಲೆಯ ಮುಂದೆ ಸೇರುತ್ತಾರೆ. ಮರಳುಗಾಡಿನಲ್ಲಿ ಗಾಳಿ ಹಿಡಿದರೆ ನೀರಿನ ಟ್ಯಾಂಕರ್ ಓಡಿಸುವವರೆಲ್ಲ ಗ್ಯಾರೇಜಿನಲ್ಲಿ ಸೇರುತ್ತಾರೆ. ಅಂದು ಮಧ್ಯಾಹ್ನ ಮೂರಕ್ಕೇ ಕಿಟಕಿಯಾಚೆ ಏನೂ ಕಾಣದಾಗಿತ್ತು. ಐದು ಜನ ಹಳೇ ಟೈರುಗಳ ಮೇಲೆ ಕೂತಿದ್ದರು. ನಿಂತಿದ್ದವಳು ಒಬ್ಬಳೇ, ಕೆಲಸಕ್ಕೆ ಸೇರಿ ತಿಂಗಳೂ ತುಂಬದ ಡ್ರೈವರಮ್ಮ. ಅವಳ ಅಣ್ಣನ ಟ್ಯಾಂಕರ್ ಹನ್ನೆರಡನೇ ಮೈಲಿಯಲ್ಲಿ ಗಾಳಿಗೆ ಸಿಕ್ಕಿ ನಿಂತಿತ್ತು. ಈಗಷ್ಟೇ ವೈರ್‌ಲೆಸ್ಸಿನಲ್ಲಿ ಮಾತಾಡಿದ್ದ. ಅವನನ್ನು ಕರೆತರಲು ಅವಳು ಕೀಲಿ ಹಿಡಿದು ಹೊರಟೇಬಿಟ್ಟಿದ್ದಳು.

"ಕೂತ್ಕೋ ತಾಯಿ," ಎಂದರು ಮೇಸ್ತ್ರಿ ತಾತ. ಎಪ್ಪತ್ತು ದಾಟಿದರೂ ಕೈಯಿಂದ ಸ್ಪ್ಯಾನರ್ ಬಿಡದ ಮನುಷ್ಯ. "ಒಂದೇ ಒಂದು ಮಾತು ಹೇಳ್ತೀನಿ, ಕೇಳಿ ಆಮೇಲೆ ಹೋಗು."

ತಾತನ 'ಒಂದು ಮಾತು' ಮುಗಿಯುವಷ್ಟರಲ್ಲಿ ಎರಡು ಟ್ಯಾಂಕರ್ ನೀರು ಖಾಲಿಯಾಗುತ್ತದೆ ಎಂದು ಗ್ಯಾರೇಜಿನಲ್ಲಿ ನಗುವುದುಂಟು. ಅವಳಿಗೆ ಸಿಟ್ಟು ಬಂತು. ಆದರೂ ಕೂತಳು.

"ಡ್ರ್ಯಾಗನ್ ಅಂತ ಪುಸ್ತಕದಲ್ಲಿ ಬರೀತಾರಲ್ಲ, ಬೆಂಕಿ ಉಗುಳುತ್ತೆ, ಹಾರುತ್ತೆ ಅಂತ... ನಮ್ಮ ಮರಳಲ್ಲಿರೋದು ಆ ಜಾತಿ ಅಲ್ಲ. ನಾವು ಮರಳಜ್ಜಿ ಅಂತೀವಿ. ರೆಕ್ಕೆ ಇಲ್ಲ, ಬೆಂಕಿ ಇಲ್ಲ, ಯಾರ ತಂಟೆಗೂ ಬರೋದಿಲ್ಲ, ಪಾಪ. ಬಿಸಿಲನ್ನೇ ಉಂಡು, ಮರಳನ್ನೇ ಹೊದ್ದು ಮಲಗಿರುತ್ತೆ. ದಿಬ್ಬ ಅಂದ್ಕೊಂಡು ನಾವು ಪಕ್ಕದಲ್ಲೇ ಗಾಡಿ ಓಡಿಸ್ಕೊಂಡು ಹೋಗ್ತೀವಿ. ಆದ್ರೆ ಗಾಳಿ ಎದ್ದ ದಿನ ಮಾತ್ರ... ಅದೂ ಏಳುತ್ತೆ. ಮರಳು ಹಾರಿ ಅದರ ಮೊಟ್ಟೆ ಎಲ್ಲೋ ಉರುಳಿ ಹೋಗಿರುತ್ತೆ ನೋಡಿ, ಹುಡುಕ್ಕೊಂಡು ಬರುತ್ತೆ. ಕಣ್ಣು ಕಾಣಲ್ಲ. ಮತ್ತೆ ಹೇಗೆ ಹುಡುಕುತ್ತೆ? ಮುಟ್ಟಿದ್ರೆ ಬೆಚ್ಚಗಿರಬೇಕು, ಒಳಗೆ ಡಗ್ ಡಗ್ ಅಂತ ಎದೆ ಬಡೀತಿರಬೇಕು. ಅದು ಸಿಕ್ತೋ, ಸುತ್ತಿಕೊಂಡು ಕಾವಿಗೆ ಕೂತುಬಿಡುತ್ತೆ. ಮರಿ ಹೊರಗೆ ಬರೋವರೆಗೂ ಏಳೋದಿಲ್ಲ, ಒಳಗಿನ ಜೀವ ಹೋಗೋಕೂ ಬಿಡೋದಿಲ್ಲ. ಈಗ ನೀವೇ ಹೇಳಿ, ಬೆಚ್ಚಗಿದ್ದು ಡಗ್ ಡಗ್ ಅನ್ನೋದು ಈ ಮರಳಲ್ಲಿ ಇನ್ನೇನಿದೆ?"

"ಲಾರಿ," ಎಂದಳು ಡ್ರೈವರಮ್ಮ, ಮೆಲ್ಲಗೆ.

"ಲಾರಿ. ನನ್ನ ತಮ್ಮನ ಲಾರಿ, ಅದೇ ಹನ್ನೆರಡನೇ ಮೈಲಿಯಲ್ಲಿ. ಸೆಲ್ಫ್ ಕೆಟ್ಟಿತ್ತು, ತಳ್ಳಿದ್ರೇ ಸ್ಟಾರ್ಟ್. ರಿಪೇರಿ ಮಾಡಬೇಕಾದವನು ನಾನು. ನಾಳೆ ನೋಡೋಣ, ನಾಳೆ ನೋಡೋಣ ಅಂತ ಒಂದು ವಾರ ಕಳೆದಿದ್ದೆ. ಗಾಳಿ ಎದ್ದಾಗ ನಾನು ಮುಂದಿನ ಗಾಡಿಯಲ್ಲಿದ್ದೆ. ಇಂಜಿನ್ ಆರಿಸ್ಬೇಡ ಕಣೋ, ಈ ಮರಳಲ್ಲಿ ನಿನ್ನ ಗಾಡೀನ ತಳ್ಳೋರು ಯಾರು ಅಂತ ಕೂಗಿ ಹೇಳ್ದೆ. ಅಣ್ಣ ಹಾಕಿದ ಗೆರೆ ದಾಟದವನು... ಆರಿಸಲಿಲ್ಲ. ಗಾಳಿ ನಿಂತಾಗ ಅವನ ಲಾರಿ ಇದ್ದ ಜಾಗದಲ್ಲಿ ದಿಬ್ಬ ಇತ್ತು. ಕೈ ಇಟ್ಟೆ, ಸುಡ್ತು. ಕಿವಿ ಇಟ್ಟೆ... ಇಂಜಿನ್ ಓಡ್ತಿತ್ತು. ನಲವತ್ತೆರಡು ವರ್ಷ ಆಯ್ತು. ಇವತ್ತಿಗೂ ಓಡ್ತಿದೆ. ಒಂದು ಟ್ಯಾಂಕ್ ಡೀಸೆಲ್ ಎಷ್ಟು ದಿನ ಬರುತ್ತೆ?"

ತಾತ ಎಲ್ಲರೆದುರೇ ಕಣ್ಣೊರೆಸಿಕೊಂಡರು.

ಡ್ರೈವರಮ್ಮ ವೈರ್‌ಲೆಸ್ಸಿನತ್ತ ಹಾರಿದಳು. ಅತ್ತಲಿಂದ ಡಗ್ ಡಗ್ ಎಂದು ಇಂಜಿನ್ನಿನ ಸದ್ದು ಬರುತ್ತಿತ್ತು. "ಅಣ್ಣಾ, ಇಂಜಿನ್ ಆರಿಸು. ಮೊದಲು ಆರಿಸು!"

"ಆಗಲೇ ಆರಿಸಿದೀನಲ್ಲೇ," ಎಂದ ಅಣ್ಣ, ಆರಾಮಾಗಿ. "ಪಕ್ಕದಲ್ಲೊಂದು ಹಳೇ ಲಾರಿ ನಿಂತಿದೆ, ನಿನಗೆ ಕೇಳ್ತಿರೋದು ಅದರ ಸದ್ದು. ಡ್ರೈವರ್‌ಗೆ ಚಿಕ್ಕ ವಯಸ್ಸು. ಸೆಲ್ಫ್ ಇಲ್ವಂತೆ, ಆರಿಸೋಕೆ ಹೆದರ್ತಾನೆ. ಒಳಗೆ ಬೆಚ್ಚಗಿದೆ ಬಾ ಅಂತ ಕರೀತಿದಾನೆ. ಹೋಗಿ ಸ್ವಲ್ಪ ಬುದ್ಧಿ ಹೇಳಿ ಬರ್ಲಾ?"

ತಾತ ಅವಳ ಕೈಯಿಂದ ಮೈಕು ತೆಗೆದುಕೊಂಡರು. "ಇಳೀಬೇಡ ಮಗಾ. ಬಾಗಿಲು ಹಾಕ್ಕೊಂಡು ಕೂತಿರು. ಅವನ ಕಡೆ ನೋಡ್ಲೂಬೇಡ."

"ಸರಿ ತಾತ." ಅತ್ತ ಬಾಗಿಲು ಧಪ್ಪನೆ ಹಾಕಿಕೊಂಡ ಸದ್ದು ಕೇಳಿಸಿತು. ಡ್ರೈವರಮ್ಮ ಇದ್ದಲ್ಲೇ ಕುಸಿದು ಕೂತು ಅತ್ತಳು.

ತಾತ ಮೈಕು ಕೆಳಗಿಟ್ಟರು. ವೈರ್‌ಲೆಸ್ಸಿನಲ್ಲಿ ಇಂಜಿನ್ನಿನ ಸದ್ದು ಇನ್ನೂ ಬರುತ್ತಿತ್ತು.

"ಬುದ್ಧಿ ಹೇಳ್ತೀನಿ ಅಂತ ಇಳಿದೋರು ಈವರೆಗೆ ಮೂರು ಜನ, ಒಬ್ಬರೂ ವಾಪಸ್ ಬಂದಿಲ್ಲ," ಎಂದರು. "ಗಾಳಿಗೆ ದಿಬ್ಬದ ಮರಳು ಹಾರಿದಾಗ ಹೀಗೆ ಕಾಣಿಸ್ಕೋತಾನೆ, ನನ್ನ ತಮ್ಮ ಕೆಟ್ಟವನಲ್ಲ ಕಣಮ್ಮ. ಯಾರು ಹೇಳಿದ್ರೂ ಆರಿಸೋದಿಲ್ಲ, ನಾನು ಹೋಗಿ ಹೇಳ್ಬೇಕು. ಪ್ರತಿ ಸಲ ಗಾಳಿ ಎದ್ದಾಗಲೂ ಹೊರಡ್ತೀನಿ... ಈ ಗ್ಯಾರೇಜಿನ ಬಾಗಿಲವರೆಗೆ ಹೋಗ್ತೀನಿ, ಅಷ್ಟೇ."