ಲೈಟ್ ಮಾಮನ ಬಗ್ಗೆ ಎರಡು ಮಾತು

ಹಲೋ… ಹಾಂ, ಯಾರು ಮಾತಾಡ್ತಿರೋದು?… ಸ್ವಲ್ಪ ತಡೀರಮ್ಮ, ಬಾಯಲ್ಲಿ ಗುಂಡುಸೂಜಿ ಇದೆ… ಹಾಂ, ತೆಗೆದೆ. ಈಗ ಹೇಳಿ, ಯಾರು?

…

ಮಕ್ಕಳ ನಾಟಕ ತಂಡದೋರಾ? ನಮ್ಮ ಊರಿನೋರಲ್ಲ, ಅಲ್ವಾ?… ಹೌದು ಹೌದು, ನಾನೂ ಇಲ್ಲಿ ಅಂಥದ್ದೇ ಒಂದು ತಂಡದಲ್ಲಿ ಇದೀನಿ. ಮಕ್ಕಳ ವೇಷದ ಬಟ್ಟೆ ಹೊಲಿಯೋ ಅಜ್ಜಿ ನಾನೇ. ಓದಿದ್ದು ಇತಿಹಾಸದಲ್ಲಿ ಎಂ.ಎ., ಮಾಡ್ತಿರೋದು ಕೋತಿಗೆ ಬಾಲ ಹೊಲಿಯೋ ಕೆಲಸ. ನಗಿ, ನಗಿ, ಪರವಾಗಿಲ್ಲ.

…

ನನ್ನ ನಂಬರು ಯಾರು ಕೊಟ್ರು?… ಅಯ್ಯೋ, ನಮ್ಮ ಲೈಟ್ ಮಾಮನಾ! ಸ್ಟೇಜಿಗೆ ಲೈಟ್ ಹಾಕೋ ಕೆಲಸ ಮಾಡ್ತಿದ್ನಲ್ಲ, ಮಕ್ಕಳೆಲ್ಲ ಹಾಗೇ ಕರೀತಿದ್ರು. ನನ್ನನ್ನ ಇನ್ನೂ ನೆನಪಿಟ್ಕೊಂಡಿದಾನಾ?… 'ಅಜ್ಜಿನ ಕೇಳಿ, ನಾನು ಎಂಥವನು ಅಂತ ಅವರೇ ಹೇಳ್ತಾರೆ' ಅಂದ್ನಾ? ನೋಡಿ, ಎಷ್ಟು ಅಭಿಮಾನ.

…

ಕೇಳಿ, ಧಾರಾಳವಾಗಿ ಕೇಳಿ. ಸೇರಿಸ್ಕೊಳ್ಳೋ ಮುಂಚೆ ವಿಚಾರಿಸೋದು ಒಳ್ಳೇದೇ… ಹಾಂ? ಆಗ್ಲೇ ಸೇರಿಸ್ಕೊಂಡಾಯ್ತಾ? ಮದುವೆ ಮುಗಿದ ಮೇಲೆ ಗಂಡಿನ ಬಗ್ಗೆ ವಿಚಾರಿಸಿದ ಹಾಗಾಯ್ತಲ್ಲಮ್ಮ!… ಇಲ್ಲ ಇಲ್ಲ, ತಮಾಷೆಗೆ ಅಂದೆ. ನಾಟಕ ಹತ್ತಿರ ಬಂದಾಗ ಅವಸರ ಇದ್ದಿದ್ದೇ.

…

ಒಳ್ಳೆಯವನಮ್ಮ. ತುಂಬಾ ಒಳ್ಳೆಯವನು. ಯಾರ ಕಣ್ಣಿಗೂ ಬೀಳದ್ದು ಅವನ ಕಣ್ಣಿಗೆ ಬೀಳೋದು. ನನಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ ಅಂತ, ನಾನು ಬರೋ ಹೊತ್ತಿಗೆ ಎಲ್ಲಾ ಸೂಜಿಗೂ ದಾರ ಹಾಕಿ, ಸಾಲಾಗಿ ಚುಚ್ಚಿಟ್ಟಿರೋನು. ಯಾರು ಮಾಡ್ತಾರೆ ಹೇಳಿ?

…

ಮಕ್ಕಳ ಜೊತೆನಾ? ಮಕ್ಕಳು ಅಂದ್ರೆ ಪ್ರಾಣ ಅವನಿಗೆ. ನಮ್ಮಲ್ಲಿ ಒಬ್ಬಳು ಪುಟ್ಟ ಹುಡುಗಿ ಇದ್ಲು, ಮೊಲದ ಪಾತ್ರ ಮಾಡ್ತಿದ್ಲು. ನಾವೆಲ್ಲ 'ಮೊಲ' ಅಂತಲೇ ಕರೀತಿದ್ವಿ. ಅವಳಮ್ಮನಿಗೆ ಆಸ್ಪತ್ರೇಲಿ ಪಾಳಿ ಕೆಲಸ, ಕರ್ಕೊಂಡು ಹೋಗೋಕೆ ಬರೋದು ತಡ ಆಗೋದು. ಇವನೇ ಮನೆ ಮುಟ್ಟಿಸೋನು. ಮಗು ನೆನೆಯುತ್ತೆ ಅಂತ ರೇನ್‌ಕೋಟ್ ಬೇರೆ ತಂದ್ಕೊಟ್ಟ. ಚಾಕಲೇಟು, ಬಣ್ಣದ ಪೆನ್ಸಿಲು… ಅವಳಮ್ಮ ಅವನಿಗೆ ಕೈ ಮುಗಿಯೋದೊಂದು ಬಾಕಿ.

…

ಎಲ್ಲಾ ಮಕ್ಕಳಿಗೂ ಕೊಡ್ತಿದ್ನಾ ಅಂದ್ರೆ… ಎಲ್ಲರಿಗೂ ಅಂತ ಅಲ್ಲ… ಹೌದು, ಹೆಚ್ಚಾಗಿ ಅವಳಿಗೇ. ಅಪ್ಪ ಇಲ್ಲದ ಮಗು ಅಲ್ವಾ, ಪಾಪ… ಹೌದು, ಕಾರಲ್ಲಿ… ಇಲ್ಲ, ಜೊತೆಗೆ ಯಾರೂ ಇರ್ತಿರ್ಲಿಲ್ಲ. ಅವನೊಬ್ಬನೇ… ಯಾಕಮ್ಮ ಹೀಗೆ ಕೇಳ್ತೀರ?

…

ನಿಮ್ಮಲ್ಲೂ ಒಂದೇ ಮಗೂಗಾ? ಏನು ತಂದ್ಕೊಟ್ಟ?… ರೇನ್‌ಕೋಟಾ? ಯಾವ ಬಣ್ಣದ್ದು?… ಹಾಂ… ನಮ್ಮ ಮೊಲದ್ದೂ ನೀಲಿನೇ ಇತ್ತು.

…

ತಡೀರಮ್ಮ. ಏನೋ ನೆನಪಾಯ್ತು… ಏನಿಲ್ಲ… ಇಲ್ಲ, ಹೇಳ್ತೀನಿ, ಸ್ವಲ್ಪ ಕೂತ್ಕೋತೀನಿ.

…

ಮೊಲದ ವೇಷಕ್ಕೆ ಬೆನ್ನ ಹಿಂದೆ ಹುಕ್ಕು ಇಟ್ಟಿದ್ದೆ. ಅವಳು ಒಂದಿನ ಬಂದು, 'ಅಜ್ಜಿ, ಇನ್ನೊಂದು ಹುಕ್ಕು ಹಾಕು' ಅಂದ್ಲು. ಹಾಕ್ದೆ. ಮುಂದಿನ ವಾರ ಬಂದು, 'ಇನ್ನೊಂದು'. ಸ್ಟೇಜ್ ಮೇಲೆ ಬಿಚ್ಚಿಹೋಗುತ್ತೆ ಅಂತ ಹೆದರ್ತಾಳೆ ಅಂದ್ಕೊಂಡು ನಗ್ತಾ ಅದನ್ನೂ ಹಾಕ್ದೆ. ಕೊನೆಗೆ, 'ಹುಕ್ಕು ಬೇಡ ಅಜ್ಜಿ, ಹೊಲಿದೇ ಬಿಡು' ಅಂದ್ಲು. 'ಹೊಲಿದ್ಬಿಟ್ರೆ ತೆಗೆಯೋದು ಹೇಗೆ ಪುಟ್ಟಾ?' ಅಂದೆ. 'ಮನೆಗೆ ಹೋದ್ಮೇಲೆ ಅಮ್ಮ ಕತ್ತರಿಯಲ್ಲಿ ಬಿಚ್ತಾಳೆ' ಅಂದ್ಲು…

…

ಹಾಂ… ಹಾಂ… ಈಗ ಅರ್ಥ ಆಗ್ತಿದೆ ನನಗೆ. ನಿಮ್ಮ ಜೊತೆ ಮಾತಾಡ್ತಾ ಮಾತಾಡ್ತಾ. ಇಷ್ಟು ವರ್ಷ ಅದನ್ನ ಒಂದು ತಮಾಷೆ ಅಂತ ಎಲ್ಲರ ಹತ್ರ ಹೇಳ್ಕೊಂಡು ನಗ್ತಿದ್ದೆನಲ್ಲ ನಾನು.

…

ತಂಡದಿಂದ ನಾವು ಬಿಡಿಸಿದ್ದಲ್ಲ, ಅವನೇ ಬಿಟ್ಟ. ಎಲ್ಲರೂ ನಿಂತು ಫೋಟೋ ತೆಗೆಸ್ಕೊಂಡು ಬೀಳ್ಕೊಟ್ವಿ… ಅವಳು ಫೋಟೋದಲ್ಲಿ ಇಲ್ಲ. ಅದಕ್ಕೂ ಮುಂಚೆನೇ ಬರೋದು ನಿಲ್ಲಿಸಿದ್ಲು. ಮಕ್ಕಳು ಬರ್ತಾರೆ, ಹೋಗ್ತಾರೆ ಅಂದ್ಕೊಂಡ್ವಿ… ನಿಯಮ ಯಾಕಿರ್ಲಿಲ್ಲ, ಇತ್ತಮ್ಮ. ಒಂದು ಮಗು ಜೊತೆ ದೊಡ್ಡವರು ಒಬ್ಬರೇ ಇರಬಾರದು ಅಂತ ಗೋಡೆ ಮೇಲೆ ಅಂಟಿಸಿತ್ತು. ಅವನ ವಿಷಯಕ್ಕೆ ಬಂದಾಗ ಮಾತ್ರ, 'ನಮ್ಮ ಲೈಟ್ ಮಾಮ ತಾನೇ' ಅಂತ…

…

ಅದಿರ್ಲಿ. ನಿಮ್ಮ ಆ ಮಗು ಈಗ ಎಲ್ಲಿದಾಳೆ?… ರಂಗಮಂದಿರದಲ್ಲಾ? ಯಾರ ಜೊತೆ?… ಉಳಿದ ಮಕ್ಕಳೆಲ್ಲ ನಿಮ್ಮ ಹತ್ರ ಇದ್ದು, ಅವಳೊಬ್ಬಳೇ ಯಾಕೆ ಅಲ್ಲಿ?… ಬೆಳಕು ಹೊಂದಿಸೋಕೆ ಒಂದು ಮಗು ನಿಲ್ಲಬೇಕು ಅಂದ್ನಾ?… ಅಮ್ಮಾ, ಅದಕ್ಕೆ ಮಗು ಬೇಡ. ಒಂದು ಕುರ್ಚಿ ಇಟ್ಟು ಮೇಲೊಂದು ಬಟ್ಟೆ ಹಾಕಿದ್ರೆ ಸಾಕು.

…

ಎಷ್ಟು ದೂರ ಅಲ್ಲಿಗೆ?… ಪಕ್ಕದ ಬೀದಿನೇ ಅಲ್ವಾ, ಎದ್ದು ಹೊರಡಿ… ಬೇಡ, ಅವನಿಗೆ ಫೋನ್ ಮಾಡ್ಬೇಡಿ. ಹೋಗಿ.

…

ತಪ್ಪಾಗಿದ್ರೆ? ತಪ್ಪಾಗಿದ್ರೆ ಅವನ ಹತ್ರ ಕ್ಷಮೆ ಕೇಳೋಣ. ಬಸ್ಸು ಹತ್ತಿ ಬಂದು ನಾನೇ ಕೇಳ್ತೀನಿ. ಅವನು ದೊಡ್ಡವನು, ಒಂದು ಅವಮಾನ ತಡ್ಕೋತಾನೆ. ಮಗು ಏನು ತಡ್ಕೊಳ್ಳುತ್ತೆ ಹೇಳಿ?

…

ಒಬ್ಬರೇ ಹೋಗ್ಬೇಡಿ. ನಿಮ್ಮ ಹತ್ರ ಇನ್ಯಾರಿದಾರೆ?… ಹಾಡು ಕಲಿಸೋರು, ಬಣ್ಣ ಹಚ್ಚೋರು ಇಬ್ರೂನಾ? ಒಬ್ಬರು ಮಕ್ಕಳ ಹತ್ರ ಇರ್ಲಿ, ಇನ್ನೊಬ್ಬರನ್ನ ಕರ್ಕೊಳ್ಳಿ. ಪೊಲೀಸರಿಗೆ ಹೇಳ್ಬೇಕಾಗುತ್ತೆ. ನನ್ನ ನಂಬರ್ ಕೊಡಿ. ಹುಕ್ಕಿನ ವಿಷಯ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ನಮ್ಮ ಮೊಲದ ಮನೆಗೂ ಇವತ್ತೇ ಹೋಗ್ತೀನಿ… ಹೌದು, ಈಗ ದೊಡ್ಡವಳಾಗಿರ್ತಾಳೆ. ಆದ್ರೂ ಹೋಗ್ತೀನಿ.

…

ಫೋನ್ ಕೈಯಲ್ಲೇ ಇರ್ಲಿ, ಇಡ್ಬೇಡಿ… ಓಡ್ತಿದೀರಾ? ಹಾಂ, ಕೇಳಿಸ್ತಿದೆ. ರಸ್ತೆ ನೋಡ್ಕೊಂಡು ಹೋಗಮ್ಮ… ಉತ್ತರ ಕೊಡ್ಬೇಡಿ, ಬರೀ ಕೇಳಿ. ಮಗುನ ಬೈಬೇಡಿ. ಏನಾಯ್ತು, ಏನಾಯ್ತು ಅಂತ ಪ್ರಶ್ನೆ ಹಾಕಿ ಹಿಂಡ್ಬೇಡಿ. 'ನಿನ್ನದೇನೂ ತಪ್ಪಿಲ್ಲ' ಅನ್ನಿ. ಅವಳು ಹೇಳಿದಷ್ಟು ಕೇಳಿಸ್ಕೊಳ್ಳಿ, ಸಾಕು.

…

ಬಂದ್ರಾ?… ಒಳಗಿನಿಂದ ಚಿಲಕನಾ?… ಬಡೀರಿ. ಜೋರಾಗಿ ಬಡೀರಿ… ಅಯ್ಯೋ, ಅವನ ಹೆಸರು ಕೂಗ್ಬೇಡಿ ತಾಯಿ! ಮಗು ಹೆಸರು ಕೂಗಿ. ಯಾರೋ ತನಗೋಸ್ಕರ ಬಂದಿದಾರೆ ಅಂತ ಅವಳಿಗೆ ಗೊತ್ತಾಗ್ಲಿ.

…

ಇನ್ನೊಂದ್ಸಲ ಕೂಗಿ…

…

ಇನ್ನೊಂದ್ಸಲ.

…

ತಡೀರಿ… ಚಿಲಕ ತೆಗೆದ ಸದ್ದಲ್ವಾ ಅದು?… ಬಾಗಿಲು ತೆರೀತಾ?… ಅಳ್ತಿರೋದು ಯಾರು, ನೀವಾ, ಅವಳಾ?… ನಿಮ್ಮನ್ನ ತಬ್ಕೊಂಡಿದಾಳಾ? ಹಾಂ, ಬಿಡ್ಬೇಡಿ… ಹಲೋ? ಮಗು ಏನಂತು, ಹೇಳಿ… ಕೇಳಿಸ್ತಿಲ್ಲಮ್ಮ, ಇನ್ನೂ ಸ್ವಲ್ಪ ಜೋರಾಗಿ… ಹಲೋ? ಹಲೋ—