ಅರಮನೆಯಲ್ಲಿ ದಾರಿ ತಪ್ಪಿದ ಕಪಿಲೆ ಹಾಡು

ನಾನು ಮೊದಲನೇ ಸಲ ಮನೆ ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾಸೆಯ ದಿನ. ನನ್ನ ಕೈಯಾರೆ ಮಾಡಿದ ಮಣ್ಣೆತ್ತು ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ನಾನು ಊರ ಗಡಿ ದಾಟಿದ್ದೆ. ನಾಲ್ಕನೇ ಕ್ಲಾಸಿನ ಸ್ಲೇಟು ಗೂಡಲ್ಲೇ ಉಳೀತು. ಕಾಲಲ್ಲಿ ಚಕ್ರ ಇದ್ದೋನಿಗೆ ಕಾಗುಣಿತ ಯಾಕೆ? ಅವತ್ತಿಂದ ದಾರೀಲಿ ಸಿಕ್ಕ ಕಥೆಗಳೇ ನನ್ನ ಬುತ್ತಿ. ಅದರಲ್ಲೊಂದನ್ನ ಈಗ ಬಿಚ್ತೀನಿ. ನಿಮ್ಮ ಮುಂದೆ ಸುಲಿಯೋ ಶೇಂಗಾ ರಾಶಿ ಇದೆ, ನನ್ನ ಬಾಯಲ್ಲಿ ಕಥೆ ಇದೆ. ರಾಶಿ ಎಷ್ಟುದ್ದವೋ ಕಥೆ ಅಷ್ಟುದ್ದ. ಹ್ಞೂಂ ಅನ್ನೋರು ಹ್ಞೂಂ ಅನ್ರಿ. ಹ್ಞೂಂಗುಟ್ಟೋರಿಲ್ಲದ ಕಥೆ, ಉಪ್ಪಿಲ್ಲದ ಸಾರು.

ಹೆಸರು ಮರೆತ ಒಂದು ಸೀಮೆ. ಹೋದೋರು ಹೆಸರು ಕೇಳಲಿಲ್ಲ, ಬಂದೋರು ಹೆಸರು ಹೇಳಲಿಲ್ಲ. ಆ ಸೀಮೆಯಲ್ಲಿ ಗ್ಯಾತಣ್ಣ ಅಂತ ಒಬ್ಬ ಕಪಿಲೆ ಹೊಡೆಯೋನು.

ಕಪಿಲೆ ಅಂದರೆ ಗೊತ್ತಲ್ಲ? ಪಂಪು ಬಂದ ಮೇಲೆ ಹುಟ್ಟಿದೋರಿಗೆ ಹೇಳ್ತೀನಿ ಕೇಳ್ರಿ. ಬಾವಿಯೊಳಕ್ಕೆ ದೊಡ್ಡ ತೊಗಲು ಚೀಲ. ಚೀಲಕ್ಕೆ ಹಗ್ಗ, ಹಗ್ಗ ಉರುಳೋಕೆ ಬಾವಿ ಬಾಯಲ್ಲೊಂದು ಗಾಲಿ, ಹಗ್ಗದ ಈ ತುದಿಗೆ ಜೋಡಿ ಎತ್ತು. ಎತ್ತಿನ ಮುಂದೆ ಇಳಿಜಾರು. ಎತ್ತು ಇಳಿದರೆ ಚೀಲ ಮೇಲಕ್ಕೆ ಬಂತು, ನೀರು ದಬದಬ ಅಂತ ಕಾಲುವೆಗೆ ಸುರೀತು. ಎತ್ತು ಹಿಂದಕ್ಕೆ ಹತ್ತಿದರೆ ಚೀಲ ಮತ್ತೆ ಒಳಕ್ಕೆ ಹೋಯ್ತು.

ಗ್ಯಾತಣ್ಣನ ಎತ್ತುಗಳು ಕೆಂಚ, ಬೆಳ್ಳ. ಅವಕ್ಕೆ ಬಾರುಕೋಲು ಏನಂತ ಗೊತ್ತಿಲ್ಲ. ಅವಕ್ಕೆ ಗೊತ್ತಿದ್ದದ್ದು ಹಾಡು. ಅವನು ಒಂದು ಸೊಲ್ಲು ಎತ್ತಿದರೆ ಇಳೀತಿದ್ದವು. ಸೊಲ್ಲು ಮುಗಿಯೋದೂ ಇಳಿಜಾರು ಮುಗಿಯೋದೂ ಒಂದೇ. ಆಗ ಅವನು ಬಾಯಿ ಮುಚ್ಚೋನು. ಯಾಕೆ? ಆಗ ಹಾಡೋದು ನೀರಿನ ಸರದಿ. ನೀರು ಸುರಿದಾದ ಮೇಲೆ ಇನ್ನೊಂದು ಸೊಲ್ಲು, ಮೆಲ್ಲಗೆ, ಮಗೂನ ಕರೆದ ಹಾಗೆ. ಎತ್ತು ಹಿಂದಕ್ಕೆ ಹತ್ತುತಿದ್ದವು.

ಬಾವಿ ಎಷ್ಟು ಆಳವೋ ಹಾಡು ಅಷ್ಟು ಉದ್ದ. ನೀರು ಮೇಲೇ ಇದ್ದ ಊರಿನ ಹಾಡು ತುಂಡು ತುಂಡು. ಗ್ಯಾತಣ್ಣನ ಊರಿನ ಬಾವಿಯೋ, ಬಗ್ಗಿ ನೋಡಿದರೆ ತಲೆ ತಿರುಗೋದು. ಅವನ ಹೆಂಡತಿ ಬೊಮ್ಮಕ್ಕ ಮೇಲುನೀರಿನ ಊರಿಂದ ಬಂದೋಳು. ನಿನ್ನ ತವರಿನೋರು ಹಾಡ್ತಾರೋ ಸೀನ್ತಾರೋ ಅಂತ ಗ್ಯಾತಣ್ಣ ಕೆಣಕೋನು. ನಿಮ್ಮೂರೋರು ಒಂದು ಸೊಲ್ಲು ಮುಗಿಸೋದರೊಳಗೆ ನಮ್ಮೂರಲ್ಲಿ ಬಾಣಂತನ ಮುಗಿದಿರುತ್ತೆ ಅಂತ ಅವಳೂ ಬಿಡೋಳಲ್ಲ.

ಆ ನೀರಿಂದಲೇ ಅವರ ಎಲೆಬಳ್ಳಿ ತೋಟ. ವೀಳ್ಯದೆಲೆ ಬಳ್ಳಿ ಬಾಲೆಯ ಹಾಗೆ, ಬಾಯಾರಿದರೆ ತಡೆಯೋದಿಲ್ಲ.

ಒಂದು ದಿನ ಬೆಳಗ್ಗೆ ಆ ಸೀಮೆಯ ದೊರೆ ಕುದುರೆ ಏರಿ ಆ ದಾರೀಲಿ ಬಂದ. ಹಾಡು ಕಿವಿಗೆ ಬಿತ್ತು. ದೊರೆ ನಿಂತ. ಕುದುರೆ ನಿಂತಿತು. ಹಿಂದಿದ್ದ ದಂಡೂ ನಿಂತಿತು. ಎದೆಯೊಳಗೆ ಯಾರೋ ಬಾಗಿಲು ತೆಗೆದ ಹಾಗಾಯ್ತಂತೆ ದೊರೆಗೆ. ಅವನು ಆಗ ತಾನೇ ಹಾಡು ಕೇಳೋದಕ್ಕೇ ಅಂತ ಒಂದು ಕಲ್ಲಿನ ಹಜಾರ ಕಟ್ಟಿಸಿದ್ದ. ಗೋಡೆ ಕನ್ನಡಿ ಥರ ನುಣುಪು, ಮೇಲೆ ಕಲ್ಲಿನ ಗುಮ್ಮಟ, ಹಿಂದುಗಡೆ ಆಳೆತ್ತರದ ಮರದ ಜಾಲಂದ್ರ. ಈ ಹಾಡು ನನ್ನ ಹಜಾರದಲ್ಲಿ ಕೇಳಬೇಕು ಅಂದ.

ಆಳುಗಳು ಜಾಣರು. ಗ್ಯಾತಣ್ಣನ್ನ ಮುಟ್ಟಲಿಲ್ಲ. ಎತ್ತು ಹೊಡಕೊಂಡು ಹೊರಟರು. ಎತ್ತು ಹೋದ ದಾರೀಲಿ ರೈತ ಬಂದೇ ಬರ್ತಾನೆ, ಅಲ್ಲವಾ? ಗ್ಯಾತಣ್ಣ ಹೋಗೋವಾಗ ಬೊಮ್ಮಕ್ಕ ಒಂದೇ ಮಾತು ಹೇಳಿದಳು: "ಹಾಡಿ ಬೇಗ ಬಾ. ನಾನು ಕೊಡದಲ್ಲಿ ಹೊತ್ತು ಹಾಕೋ ನೀರು ಬಳ್ಳಿಯ ನಾಲಿಗೆಗೂ ಸಾಲದು."

ಅರಮನೆ ಲಾಯದೋರು ಕುದುರೆ ಬಲ್ಲೋರು, ಎತ್ತು ಅರಿಯರು. ಹಜಾರದ ಹಿಂದೆ ಆನೆಗಳು ಕೆರೆಗಿಳಿಯೋ ಇಳಿಜಾರಿತ್ತು, ಅದರ ನೆತ್ತಿಯ ಮೇಲೆ ನೆರಳಿತ್ತು. ಅಲ್ಲಿ ಎರಡೂ ಎತ್ತನ್ನ ಜೋಡಿಸಿ, ಅದೇ ಕಪಿಲೆ ಹಗ್ಗದಲ್ಲಿ, ಹಜಾರದ ಜಾಲಂದ್ರಕ್ಕೆ ಬಿಗಿದರು. ಕೇಳಿಟ್ಟುಕೊಳ್ರಿ ಈ ಮಾತು. ಮುಂದೆ ಬೇಕಾಗುತ್ತೆ.

ಗ್ಯಾತಣ್ಣ ಹಜಾರಕ್ಕೆ ಬಂದ. ಬಾವಿ ಕಟ್ಟೆ ಮೇಲೆ ಹಾಡೋ ಹಾಗೇ ಸೊಲ್ಲು ಎತ್ತಿದ. ಏನಾಯ್ತು? ಆ ಗೋಡೆಯಿಂದೊಬ್ಬ ಗ್ಯಾತಣ್ಣ, ಈ ಗೋಡೆಯಿಂದೊಬ್ಬ ಗ್ಯಾತಣ್ಣ, ಗುಮ್ಮಟದಿಂದೊಬ್ಬ ಗ್ಯಾತಣ್ಣ. ಎಲ್ಲರೂ ಒಟ್ಟಿಗೆ ಹಾಡಿದರು. ಮಾತಿನ ಮೇಲೆ ಮಾತು ಬಿತ್ತು, ಸಂತೆಯಲ್ಲಿ ಕುರಿಮಂದೆ ನುಗ್ಗಿದ ಹಾಗಾಯ್ತು. ಹೊರಗಿದ್ದ ಕೆಂಚ, ಬೆಳ್ಳ ಕಿವಿ ನಿಮಿರಿಸಿದವು, ಕಾಲು ಎತ್ತಲಿಲ್ಲ. ದೊರೆ ತಲೆ ಆಡಿಸಿದ. "ನಾನು ಕೇಳಿದ್ದು ಇದಲ್ಲ. ಅದು ಸಿಗೋವರೆಗೂ ಎತ್ತು ಇಲ್ಲೇ ಇರಲಿ."

ಗ್ಯಾತಣ್ಣ ಹಸಕೊಂಡು ಪೇಟೆಗೆ ಬಂದ. ಕಂಚುಗಾರರ ಬೀದಿ. ಸಾಲಾಗಿ ಕೂತು ಹಂಡೆ, ಕೊಡಪಾನ ಬಡೀತಿದ್ದಾರೆ, ಟಣ್ ಟಣಟಣ್. ಅಲ್ಲಿ ಉದ್ದದ ಸೊಲ್ಲು ಎತ್ತಿದರೆ ಸುತ್ತಿಗೆ ಕೆಳಗೆ ಚಪ್ಪಟೆ. ಗ್ಯಾತಣ್ಣ ಸ್ವಲ್ಪ ಹೊತ್ತು ಕೇಳಿದ. ದನಿ ಏರಿಸಿದ, ಸೊಲ್ಲು ಮುರಿದ, ಏಟಿಗೊಂದು ಮಾತು ಇಟ್ಟ. ಬೀದಿಗೆ ಬೀದಿಯೇ ತಲೆದೂಗಿತು. ಒಬ್ಬ ಮುದುಕ ಕಂಚುಗಾರ ಮುದ್ದೆ ಕೊಟ್ಟು, ಇವತ್ತು ನನ್ನ ಹಂಡೆ ದುಂಡಗೆ ಬಂತು ಕಣಪ್ಪ, ನಾಳೆನೂ ಬಾ ಅಂದನಂತೆ. ಎಂಥ ಹೊಗಳಿಕೆ ನೋಡ್ರಿ! ಹಾಡಿನಿಂದ ಹಂಡೆ ದುಂಡಗಾಗೋದು!

ಅದೇ ಹುರುಪಲ್ಲಿ ಎರಡನೇ ಸಲ ಹಜಾರಕ್ಕೆ ಹೋಗಿ ಬೀದಿಯ ಹಾಡು ಹಾಡಿದ. ಹಜಾರ ಗುಡುಗಿತು. ಪಾರಿವಾಳ ಹಾರಿ ಹೋದವು. ಎತ್ತು ಕಾಲು ಎತ್ತಲಿಲ್ಲ. ದೊರೆ ಕಿವಿ ಮುಚ್ಚಿಕೊಂಡು, ಇದೂ ಅಲ್ಲ ಅಂದ.

ಆಸ್ಥಾನದಲ್ಲಿ ಒಬ್ಬ ಹಿರಿಯ ಗಾಯಕಿ ಇದ್ದಳು, ಸಂಪಿಗೆಮ್ಮ ಅಂತ. ಬೇರೆಯೋರಾಗಿದ್ದರೆ ನಗಾಡೋರು. ಆ ತಾಯಿ ಪಕ್ಕಕ್ಕೆ ಕರೆದಳು.

"ಅಪ್ಪಾ, ನಿನ್ನ ಬಾವಿ ಬಾಯಾರಿದ ಹೊಲಕ್ಕೆ ಹಾಡುತ್ತೆ. ಈ ಹಜಾರ ಹೊಟ್ಟೆಬಾಕ. ಒಂದು ತುತ್ತು ಹಾಕು, ಅದು ಅಗಿದು ನುಂಗೋವರೆಗೂ ಕಾಯಿ. ಆಮೇಲೆ ಇನ್ನೊಂದು ಹಾಕು. ಮಾತು ಕಮ್ಮಿ ಮಾಡು. ನಾವೆಲ್ಲ ಹೀಗೆ ಹಾಡೋದು ದೊಡ್ಡಸ್ತಿಕೆಗಲ್ಲ. ಈ ಕಲ್ಲು ಕಲಿಸಿದ್ದು."

ಗ್ಯಾತಣ್ಣ ಹಾಗೇ ಮಾಡಿದ. ಮೂರನೇ ಸಲ ಒಂದೇ ಒಂದು ಮಾತು ಹಿಡಿದ, ಅದನ್ನ ಗುಮ್ಮಟಕ್ಕೆ ಬಿಟ್ಟ, ಕಾದ. ದನಿ ಸುತ್ತಿ ಬಂತು. ಅದರ ಮೇಲೆ ಇನ್ನೊಂದು ದನಿ ಇಟ್ಟ. ಕಲ್ಲೇ ತಂಬೂರಿಯಾಯ್ತು. ಕೂತೋರ ಕಣ್ಣಲ್ಲಿ ನೀರು. ಸಂಪಿಗೆಮ್ಮನ ಕಣ್ಣಲ್ಲೂ ನೀರು. ದೊರೆಯ ಕಣ್ಣಲ್ಲೂ ನೀರು. ಕಣ್ಣೊರೆಸಿಕೊಂಡು ದೊರೆ ಏನಂದ?

"ಇದು ದೊಡ್ಡದು. ಆದರೆ ನಾನು ಅವತ್ತು ಕೇಳಿದ್ದು ಇದಲ್ಲ."

ಅಷ್ಟರಲ್ಲಿ ಊರ ಕಡೆಯಿಂದ ಬಂದ ಬಳೆಗಾರ ಸುದ್ದಿ ತಂದ. ಬಳ್ಳಿಯ ಕೆಳಗಿನೆಲೆ ಹಳದಿಗೆ ತಿರುಗಿವೆ, ಬೊಮ್ಮಕ್ಕನ ಹೆಗಲು ಕೊಡದ ತೂಕಕ್ಕೆ ಬಾತಿದೆ. ಗ್ಯಾತಣ್ಣ ಬೆರಳು ಮಡಚಿ ಎಣಿಸಿದ. ಮೂರು ಥರ ಹಾಡಿದೆ, ಮೂರೂ ಸೋತೆ. ಇನ್ನು ಎತ್ತನ್ನ ಬಿಟ್ಟು ಹೋಗಬೇಕು, ಹೆಗಲು ಕೊಟ್ಟು ನೀರು ಹೊರಬೇಕು ಅಂದುಕೊಂಡ. ಕಡೆಗೊಂದು ಸಲ ಅವುಗಳ ಮೈ ಸವರಿ ಹೋಗೋಣ ಅಂತ ಹಜಾರದ ಹಿಂದಕ್ಕೆ ಬಂದ.

ಕೆಂಚ ಕೈ ನೆಕ್ಕಿತು. ಬೆಳ್ಳ ಹೆಗಲಿಗೆ ಮೂತಿ ಇಟ್ಟಿತು. ಗ್ಯಾತಣ್ಣ ತಲೆ ಎತ್ತಿ ನೋಡಿದ. ಬೆಳಗಿನ ಬಿಸಿಲು. ಬಿಗಿದ ಹಗ್ಗ. ಮುಂದೆ ಇಳಿಜಾರು. ಆಚೆಗೆ ನೀರು. ಹಗ್ಗ, ಇಳಿಜಾರು, ಎತ್ತು, ಈ ಮೂರೂ ಒಟ್ಟಿಗೆ ಕಂಡರೆ ಕಪಿಲೆಯವನ ಗಂಟಲು ಸುಮ್ಮನಿರುತ್ತಾ? ಹಗ್ಗದ ಇನ್ನೊಂದು ತುದಿ ಎಲ್ಲಿದೆ ಅಂತ ಅವನು ನೋಡಲಿಲ್ಲ. ದೊರೆಗಲ್ಲ, ಆಸ್ಥಾನಕ್ಕಲ್ಲ, ಎತ್ತಿನ ಕಿವಿಗೆ ಒಂದು ಸೊಲ್ಲು ಎತ್ತಿದ.

ಎತ್ತು ಇಳಿದವು.

ಹಿಂದೆ ಕಿರ್ರ್ ಅಂತು. ಬಾವಿಯ ಗಾಲಿ ಕಿರುಗುಟ್ಟಿದ ಹಾಗೇ ಇತ್ತು, ಅದಕ್ಕೇ ಅವನಿಗೆ ಅನುಮಾನವೂ ಬರಲಿಲ್ಲ. ಸೊಲ್ಲು ಹರೀತು, ಎತ್ತು ನಡೆದವು, ಹಗ್ಗ ಬಿಗೀತು. ಸೊಲ್ಲು ಮುಗೀತು, ಇಳಿಜಾರು ಮುಗೀತು. ಗ್ಯಾತಣ್ಣ ರೂಢಿಯ ಹಾಗೆ ಬಾಯಿ ಮುಚ್ಚಿದ. ಆ ಮೌನದಲ್ಲಿ ಆಳೆತ್ತರದ ಜಾಲಂದ್ರ ಗೋಡೆಯಿಂದ ಕಿತ್ತು ಬಂದು, ಇಳಿಜಾರಲ್ಲಿ ಜಾರಿ, ಎತ್ತಿನ ಪಕ್ಕದಿಂದ ಹಾದು, ಹಗ್ಗ ಕಳಚಿಕೊಂಡು ಕೆರೆಗೆ ಬಿತ್ತು.

ದಬಾರ್!

ನೀರಿನ ಸರದಿಗೆ ನೀರು ಹಾಡಿತು. ಅದಾದ ಮೇಲೆ, ಮಾಡಿದ್ದು ಏನಂತ ತಿಳಿಯೋ ಮುಂಚೆಯೇ, ಅವನ ಗಂಟಲು ಎರಡನೇ ಸೊಲ್ಲನ್ನೂ ಹಾಡಿ ಮುಗಿಸಿತ್ತು. ಎತ್ತು ಹಿಂದಕ್ಕೆ ಹತ್ತಿದವು.

ಗೋಡೆಯಲ್ಲಿ ಜಾಲಂದ್ರದಷ್ಟೇ ದೊಡ್ಡ ಕಂಡಿ. ಕಂಡಿಯಲ್ಲಿ ದೊರೆ. ಗ್ಯಾತಣ್ಣ ಇನ್ನು ನನ್ನ ತಲೆ ಹೋಯ್ತು ಅಂತ ಕೈ ಮುಗಿದ. ದೊರೆ ಬರಿಗಾಲಲ್ಲಿ ಇಳಿದು ಬಂದ. ಎತ್ತಿನ ಬೆನ್ನ ಮೇಲೆ ಕೈ ಇಟ್ಟ.

"ಇದೇ. ನಾನು ಅವತ್ತು ಕೇಳಿದ್ದು ಇದೇ."

ಆಮೇಲೆ ಮೆಲ್ಲಗೆ ಅಂದನಂತೆ: "ಗ್ಯಾತಣ್ಣ, ನಾನು ಹಾಡು ತರಿಸಿದೆ ಅಂದುಕೊಂಡಿದ್ದೆ. ಬಾವಿ ತರೋದು ಮರೆತಿದ್ದೆ."

ಬಿಟ್ಟ ಎತ್ತನ್ನ. ಗ್ಯಾತಣ್ಣ ಊರಿಗೆ ಓಡಿದ. ತೋಟದ ಮೇಲುಗಡೆ ಬಳ್ಳಿ ಇನ್ನೂ ಹಸಿರಿತ್ತು. ಕಟ್ಟೆ ಹತ್ತಿ, ಅರಮನೆಯಲ್ಲಿ ಕಲಿತದ್ದನ್ನ ಒಂದು ಚೂರು ಹಾಡಿ ತೋರಿಸಿದ. ಬೊಮ್ಮಕ್ಕ ಕೆನ್ನೆ ಮೇಲೆ ಕೈ ಇಟ್ಟು ಕೇಳಿದಳು, ಮುಗಿಯೋವರೆಗೂ ಕೇಳಿದಳು.

"ಹೊಟ್ಟೆ ತಣ್ಣಗಾಯ್ತು ನೋಡು. ಆದರೆ ಎತ್ತು ಮಲಗಿಬಿಟ್ಟವು. ಈಗ ನಮ್ಮದನ್ನ ಹಾಡು, ಬಳ್ಳಿ ಕಾಯ್ತಾ ಇದೆ."

ಹಾಡಿದ. ನೀರು ಬಂತು.

ಆಚೆ ಅರಮನೆಯಲ್ಲಿ ದೊರೆ ಆ ಕಂಡಿ ಮುಚ್ಚಿಸಲಿಲ್ಲ. ಅಲ್ಲಿಂದ ಕೆರೆಗಾಳಿ ಬಂತು, ಹಜಾರದ ಮಾರ್ದನಿ ಅರ್ಧ ಇಳೀತು. ಸಂಪಿಗೆಮ್ಮ ತನ್ನ ಹಾಡಿಗೆ ನಾಲ್ಕು ಮಾತು ಹೆಚ್ಚಿಗೆ ಸೇರಿಸಿದಳು, ಈಗ ಅವು ಕೇಳಿಸ್ತಿದ್ದವಲ್ಲ. ಕಂಚುಗಾರರ ಬೀದಿಯಲ್ಲಿ ಗ್ಯಾತಣ್ಣ ಬಿಟ್ಟು ಬಂದ ತುಂಡು ಸೊಲ್ಲಿಗೆ ಇನ್ನೂ ಹಂಡೆ ದುಂಡಗಾಗ್ತವಂತೆ. ಒಂದೇ ಗಂಟಲು, ಮೂರು ಮನೆಯ ಮಗ. ಇನ್ನು ಕಪಿಲೆ ಹೋದ ಊರುಗಳಲ್ಲಿ ನಾನೇ ಕೇಳಿದೀನಿ, ಇಂಜಿನ್ನಿನ ಪಟಪಟ ಸದ್ದಿಗೆ ಹುಡುಗರು ಹೊಸ ಪದ ಕಟ್ಟಿ ಹಾಡ್ತಾರೆ. ಕೆಟ್ಟದಾಗಿದೆ ಅಂತ ಯಾರು ಹೇಳಿದ್ದು? ಕಾಲು ತಾನಾಗೇ ಕುಣಿಯುತ್ತೆ.

ಓ, ರಾಶಿ ಕರಗಿತಲ್ಲ. ಅಗೋ ಆ ಅಜ್ಜಿಯ ಮೊರದಲ್ಲಿ ಒಂದು ಹಿಡಿ ಉಳಿದಿದೆ, ಅಷ್ಟರಲ್ಲಿ ನನ್ನ ಚೀಲ ಕಟ್ಕೊಳ್ತೀನಿ. ಕಂಬಳಿ ಬಂತು, ಚೊಂಬು ಬಂತು, ಕೋಲು ಬಂತು. ಮುಂದಿನೂರಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೀತಿದ್ದಾರಂತೆ. ಅಲ್ಲಿ ಈ ಕಥೆ ಹೀಗೇ ಇರಲ್ಲ ಬಿಡ್ರಿ. ಬಡಿಗೆ ಏಟಿಗೆ ತಕ್ಕ ಹಾಗೆ ಗ್ಯಾತಣ್ಣ ನಡೀಬೇಕು.

ಕಾಳು ನಿಮ್ಮ ಮೊರಕ್ಕೆ, ಸಿಪ್ಪೆ ನಿಮ್ಮ ಒಲೆಗೆ, ಕಥೆ ನಿಮ್ಮ ಕಿವಿಗೆ. ದಾರಿ ಮಾತ್ರ ನನ್ನದು. ಬರ್ತೀನಿ.