ಭಾನುವಾರ ಬೀಗ ಬಿದ್ದಿದ್ದ ಕಾಲುದಾರಿ

ಹೇಳಿಕೆ ಕೊಟ್ಟವರು: ಚಿಕ್ಕಿ (ಮನೆಯಲ್ಲೂ ಕೆಲಸದಲ್ಲೂ ಕರೆಯುವ ಹೆಸರು), ವಯಸ್ಸು 44 ವರ್ಷ. ಕೆಲಸ: ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟ್ ಮಡಿಸುವುದು. ವಾಸ: ನೀರಿನ ಟ್ಯಾಂಕಿನ ಹಿಂದೆ, ಮೂರನೇ ಸಾಲು, ಎರಡನೇ ಮನೆ.

ಠಾಣೆಯ ಅಧಿಕಾರಿಗಳು ಕೇಳಿದ ಮೇರೆಗೆ, ನಾನು ಕಂಡದ್ದನ್ನೂ ಮಾಡಿದ್ದನ್ನೂ ಈ ಮೂಲಕ ಹೇಳಿ ಬರೆಸುತ್ತಿರುವುದೇನೆಂದರೆ,

ನಾನು ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ನನ್ನ ಅಣ್ಣನ ಮನೆಯಲ್ಲಿ ಇರುತ್ತೇನೆ. ಅಣ್ಣ ಬಡಗಿ. ಅತ್ತಿಗೆಗೆ 51 ವರ್ಷ. ಪಕ್ಕದ ಊರಿನ ಲಾಂಡ್ರಿಯಲ್ಲಿ ಅತ್ತಿಗೆ ಇಸ್ತ್ರಿ ಯಂತ್ರಕ್ಕೆ ಶೀಟ್ ಕೊಡುತ್ತಿದ್ದಳು, ಈಚೆ ತುದಿಯಲ್ಲಿ ನಿಂತು ನಾನು ಮಡಿಸುತ್ತಿದ್ದೆ. ಬಸ್ಸಿನಲ್ಲಿ ಸುತ್ತಿ ಹೋದರೆ ಒಂಬತ್ತು ಕಿಲೋಮೀಟರ್ ಆಗುತ್ತದೆ, ಮೊದಲ ಬಸ್ಸು 7.10ಕ್ಕೆ. ಕೆಲಸ ಶುರುವಾಗುವುದು 7.00ಕ್ಕೆ. ಆದ್ದರಿಂದ ಇಬ್ಬರೂ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದೆವು. ಟ್ಯಾಂಕಿನಿಂದ ಲಾಂಡ್ರಿಯ ಬಾಗಿಲಿಗೆ 2.6 ಕಿಲೋಮೀಟರ್.

ದಾರಿಯ ಮಧ್ಯೆ ಒಂದು ಗೋಡೌನ್ ಇದೆ. ಮೂರು ತಿಂಗಳ ಹಿಂದೆ ಅವರು ಕಾಲುದಾರಿಯನ್ನು ಕಾಂಪೌಂಡಿನ ಒಳಗೆ ಸೇರಿಸಿಕೊಂಡು ಎರಡು ತುದಿಗೂ ಕಬ್ಬಿಣದ ಗೇಟು ಹಾಕಿದರು. ಒಳಗಿನ ನಡಿಗೆ 300 ಮೀಟರ್. ವಾರದ ದಿನಗಳಲ್ಲಿ ವಾಚ್‌ಮನ್ ಬೆಳಿಗ್ಗೆ 6.00ಕ್ಕೆ ತೆಗೆಯುತ್ತಾನೆ. ಗೇಟು ಬಂದ ಮೇಲೆ ನಾವು ಭಾನುವಾರ ಆ ಕಡೆ ಹೋಗಿರಲಿಲ್ಲ.

ನಿನ್ನೆ ಶನಿವಾರ ಸಂಜೆ 5.30ಕ್ಕೆ ಲಾಂಡ್ರಿಯ ಸೂಪರ್‌ವೈಸರ್ ನನ್ನನ್ನು ಕರೆದು, ಶೀಟ್ ರಾಶಿ ಬಿದ್ದಿದೆ, ನಾಳೆ ನಿಮ್ಮ ಮನೆಯಿಂದ ಒಬ್ಬರು ಬಂದರೆ ಸಾಕು ಎಂದರು. ನಾನು ಇಬ್ಬರ ಹೆಸರನ್ನೂ ಬರೆಸಿದೆ. ಆ ದಾರಿಯಲ್ಲಿ ಒಬ್ಬಳೇ ಹೋಗಲು ನನಗೆ ಹೆದರಿಕೆ. ಅತ್ತಿಗೆಯನ್ನು ಕೇಳಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅತ್ತಿಗೆ, ಮೈಯೆಲ್ಲ ಹಿಂಡಿ ಹಾಕಿದ ಹಾಗಿದೆ ಕಣೇ, ನಾಳೆ ಒಂದಿನ ಮಲಗೋಣ ಅಂದ್ಕೊಂಡಿದ್ದೆ ಎಂದಳು. ಆಮೇಲೆ ಅಲಾರಾಂ ಇಟ್ಟಳು.

ಈ ದಿನ ಬೆಳಿಗ್ಗೆ 5.55ಕ್ಕೆ ಮನೆಯಿಂದ ಹೊರಟೆವು. 6.20ಕ್ಕೆ ಗೋಡೌನಿನ ಗೇಟು ತಲುಪಿದಾಗ ಬೀಗ ಹಾಕಿತ್ತು. ನಾನು ಐದಾರು ಸಲ ಕೂಗಿದೆ. ವಾಚ್‌ಮನ್ ಆಚೆ ತುದಿಯ ಕೋಣೆಯಿಂದ ನಡೆದು ಬಂದು, ಈ ಗೇಟಿನ ಕೀ ಮ್ಯಾನೇಜರ್ ಹತ್ತಿರ ಇದೆ, ಶನಿವಾರ ಒಯ್ದರೆ ಸೋಮವಾರವೇ ಕೊಡುವುದು ಎಂದ. ಅತ್ತಿಗೆ ನಕ್ಕು, ನೋಡೇ, ಗೋಡೌನಿಗೂ ರಜೆ ಇದೆ, ನಮಗಿಲ್ಲ ಎಂದಳು.

ಕಾಂಪೌಂಡನ್ನು ಸುತ್ತಿಕೊಂಡು ಮೋರಿಯ ಏರಿಯ ಮೇಲೆ ಹೋದರೆ 700 ಮೀಟರ್. ನಾವು ಏರಿ ಹತ್ತಿದೆವು. ಸುಮಾರು 150 ಮೀಟರ್ ಹೋದ ಮೇಲೆ, 6.31ಕ್ಕೆ, ಅತ್ತಿಗೆ ನಿಂತಳು. ಎದೆಗೆ ಗಾಳಿ ಹಿಡ್ಕೊಂಡಿದೆ, ಎರಡು ನಿಮಿಷ ಕೂತ್ಕೋತೀನಿ ಎಂದು ನೆಲದ ಮೇಲೆ ಕುಳಿತಳು. ಸೆರಗು ಬೆವರಿನಿಂದ ನೆನೆದಿತ್ತು. ನೀನ್ ಹೋಗೇ, ಇಬ್ರಿಗೂ ಆಬ್ಸೆಂಟ್ ಹಾಕ್ಬಿಡ್ತಾರೆ ಎಂದಳು. ನಾನು ಹೋಗಲಿಲ್ಲ.

6.34ಕ್ಕೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ರಸ್ತೆ ಹೆಸರು ಕೇಳಿದರು. ಇದು ರಸ್ತೆಯಲ್ಲ ಎಂದೆ. ಹತ್ತಿರದ ಮನೆ ನಂಬರ್ ಕೇಳಿದರು. ಮನೆಯೂ ಇಲ್ಲ ಎಂದೆ. ಮೋರಿಯ ಯಾವ ಕಡೆ ಇದ್ದೀರಿ, ಆ ಕಡೆಯಾದರೆ ಅದು ಪಕ್ಕದ ಊರಿಗೆ ಸೇರುತ್ತದೆ ಎಂದರು. ಏರಿಯ ಮೇಲಿದ್ದೇವೆ ಎಂದೆ. ಬೇರೆ ನಂಬರ್ ಕೊಟ್ಟರು. ಬರೆದುಕೊಳ್ಳಲು ಏನೂ ಇರಲಿಲ್ಲ, ಕಡ್ಡಿಯಿಂದ ಮಣ್ಣಿನಲ್ಲಿ ಬರೆದುಕೊಂಡೆ. 6.41ಕ್ಕೆ ಆ ನಂಬರಿನವರು ಬರುತ್ತೇವೆ ಎಂದರು.

ಅಷ್ಟರಲ್ಲಿ ಅತ್ತಿಗೆಯನ್ನು ಗೇಟಿನ ಹತ್ತಿರಕ್ಕಾದರೂ ಕರೆದೊಯ್ಯೋಣ ಎಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಎಂಟು ಹೆಜ್ಜೆ ಆಯಿತು. ಒಂಬತ್ತನೆಯದಕ್ಕೆ ನನ್ನ ಮೇಲೇ ಕುಸಿದಳು. ಉಸಿರಾಡುತ್ತಿದ್ದಳು, ಮಾತು ನಿಂತಿತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

7.04ಕ್ಕೆ ಆಂಬುಲೆನ್ಸ್ ಬಂತು. ಆಚೆ ತುದಿಯ, ರಸ್ತೆ ಕಡೆಯ ಗೇಟಿನ ಕೀ ವಾಚ್‌ಮನ್ ಹತ್ತಿರ ಇದ್ದುದರಿಂದ ಗಾಡಿ ಕಾಂಪೌಂಡಿನೊಳಗೆ ಬಂದು ಈಚೆ ಗೇಟಿನ ಹಿಂದೆ ನಿಂತಿತು. ಅದರ ಮೇಲಿನ ದೀಪ ತಿರುಗುವುದು ನನಗೆ ಏರಿಯಿಂದ ಕಾಣುತ್ತಿತ್ತು. ನಮಗೂ ಅದಕ್ಕೂ ನಡುವೆ ಇದ್ದದ್ದು 150 ಮೀಟರ್ ಮತ್ತು ಬೀಗ. ಮ್ಯಾನೇಜರ್ ಫೋನ್ ಸ್ವಿಚ್ ಆಫ್ ಎಂದು ವಾಚ್‌ಮನ್ ಕೂಗಿ ಹೇಳಿದ. ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ನರ್ಸ್ ಚೀಲ ಹೊತ್ತು ಹಿಂದಕ್ಕೆ ಓಡಿ, ಆಚೆ ತುದಿಯಿಂದ ಏರಿಯ ಮೇಲೆ ಬಂದರು. ಆಗ 7.13. ಅವರ ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ಅವರು ಬರುವ ಸ್ವಲ್ಪ ಮೊದಲು ಅತ್ತಿಗೆ ಒಂದು ಸಲ ಜೋರಾಗಿ ಉಸಿರೆಳೆದುಕೊಂಡಿದ್ದಳು. ಆಮೇಲಿನದು ನನಗೆ ಗೊತ್ತಾಗಲಿಲ್ಲ.

ನರ್ಸ್ ಎದೆ ಒತ್ತುತ್ತಿದ್ದಾಗ, 7.20ಕ್ಕೆ, ಸೂಪರ್‌ವೈಸರ್ ಫೋನ್ ಬಂತು. ಯಂತ್ರ ಬಿಸಿಯಾಗಿ ಕೂತಿದೆ, ಇಬ್ಬರಲ್ಲಿ ಒಬ್ಬರಾದರೂ ಬನ್ನಿ ಎಂದರು. ಆಯ್ತು ಸಾರ್ ಎಂದೆ. ಏಕೆ ಹಾಗೆಂದೆನೋ ಗೊತ್ತಿಲ್ಲ.

7.31ಕ್ಕೆ ನರ್ಸ್ ಕೈ ತೆಗೆದರು. ವಾಚ್‌ಮನ್ ಅಷ್ಟು ಹೊತ್ತೂ ಸೈಜುಗಲ್ಲಿನಿಂದ ಬೀಗಕ್ಕೆ ಹೊಡೆಯುತ್ತಿದ್ದ. 7.35ಕ್ಕೆ ಬೀಗ ಮುರಿಯಿತು. ಅವನ ಬೆರಳಿನಿಂದ ರಕ್ತ ಬರುತ್ತಿತ್ತು. ಅವನ ಮೇಲೆ ನನ್ನ ದೂರು ಇಲ್ಲ.

ನಂತರ ಎರಡೂ ಊರಿನ ಪೊಲೀಸರು ಬಂದರು. ಕೇಸು ಯಾರಿಗೆ ಸೇರುತ್ತದೆ ಎಂದು ಟೇಪು ಹಿಡಿದು ಅಳೆದರು. ಅತ್ತಿಗೆಯ ಕಾಲು ಪಕ್ಕದ ಊರಿನಲ್ಲಿತ್ತು, ತಲೆ ನಮ್ಮ ಊರಿನಲ್ಲಿತ್ತು. ತಲೆ ಇದ್ದ ಕಡೆಯವರೇ ಎಂದು 9.40ಕ್ಕೆ ತೀರ್ಮಾನವಾಯಿತು. ಅಲ್ಲಿಯವರೆಗೆ ನಾನು ಅವಳ ಮುಖದ ಮೇಲೆ ಕೂರುವ ನೊಣ ಓಡಿಸುತ್ತಿದ್ದೆ.

11.15ಕ್ಕೆ ಆಸ್ಪತ್ರೆಗೆ ಅಣ್ಣ ಬಂದ. ಅವನ ಕೂದಲಲ್ಲಿ ಮರದ ಹೊಟ್ಟು ಇತ್ತು. ಭಾನುವಾರ ಅವಳನ್ನ ಯಾಕೆ ಕರ್ಕೊಂಡ್ ಹೋದೆ ಎಂದು ಕೇಳಿದ. ಸೂಪರ್‌ವೈಸರ್ ಇಬ್ರೂ ಬರಲೇಬೇಕು ಅಂದ್ರು ಎಂದೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟು, ನೀನೇನ್ ಮಾಡ್ತೀಯಮ್ಮ, ಬಿಡು ಎಂದ.

ಮಧ್ಯಾಹ್ನ 3.40ಕ್ಕೆ ನನ್ನನ್ನು ಠಾಣೆಗೆ ಕರೆಸಿದರು. ಅಣ್ಣನೂ ಜೊತೆಗೆ ಬಂದಿದ್ದಾನೆ, ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ಬರೆದದ್ದನ್ನು ಅಧಿಕಾರಿಗಳು ನನಗೆ ಓದಿ ಹೇಳಿದರು. ಶನಿವಾರದ ವಿಷಯ ಬಂದಾಗ ಬಾಗಿಲು ಹಾಕಿ ಎಂದು ಕೇಳಿಕೊಂಡೆ, ಹಾಕಿದರು. ಇದರ ಒಂದು ಪ್ರತಿಯನ್ನು ತೀರಿಕೊಂಡವರ ಗಂಡನಿಗೆ, ಅಂದರೆ ನಿಮ್ಮ ಅಣ್ಣನಿಗೆ, ಕೊಡಲೇಬೇಕಾಗುತ್ತದೆ, ಏನಾದರೂ ತಿದ್ದುವುದಿದ್ದರೆ ಈಗಲೇ ಹೇಳಿ ಎಂದರು. ಸ್ವಲ್ಪ ನೀರು ಕೇಳಿ ಕುಡಿದೆ. ತಿದ್ದುವುದು ಏನೂ ಇಲ್ಲ ಎಂದು ಹೇಳಿದ್ದೇನೆ.

ಮೇಲೆ ಬರೆಸಿದ್ದೆಲ್ಲ ನಡೆದದ್ದು ನಡೆದ ಹಾಗೆಯೇ ಇದೆ. ಯಾರ ಒತ್ತಾಯವೂ ಇಲ್ಲದೆ, ಕೇಳಿ ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 14, ಭಾನುವಾರ, ಸಂಜೆ 4.50
ಸಹಿ: ಚಿಕ್ಕಿ